ಎಷ್ಟು ನೀರು ಎಂದು ಕೇಳಿದ್ದು ಸಾಕು, ಎಂಥ ನೀರು ಎಂದೂ ಕೇಳೋಣ

ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನೇತ್ರಾವತಿಯನ್ನು ಸೇರುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ಅಂಥದ್ದೇ ಒಂದು ಸಂಗಮ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ನಾನೀಗ ಕೆಲಸದ ನಿಮಿತ್ತ ಇರುವ ಮಕ್ತಲ್‌ನಿಂದ ದೂರವೇನಲ್ಲ. ತಂಗಿಡಿಯಲ್ಲಿ ಭೀಮಾ ಕೃಷ್ಣೆಯನ್ನು ಕೂಡುತ್ತದೆ. ಕೂಡಿದ ನೀರು ಗದ್ವಾಲ್ ಹತ್ತಿರದ ಜುರಾಲಾ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಗದ್ದೆಗೂ ಅದೇ ನೀರು, ಕುಡಿಯಲೂ ಅದೇ.

ಈ ಭೀಮೆಯ ಮೇಲ್ಭಾಗದಲ್ಲಿ ಪುಣೆ ಇದೆ. ಆ ನಗರದ ಚರಂಡಿ ನೀರನ್ನು ಹೊತ್ತು ಮುಳಾ-ಮುಠಾ ನದಿ ಭೀಮೆಗೆ ಸೇರುತ್ತದೆ. ಮೊದಲು ಉಜನಿ ಜಲಾಶಯ, ನಂತರ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳು, ಕೊನೆಗೆ ಇಲ್ಲಿ. ಪುಣೆಯ ಕೊಳೆಯೆಲ್ಲ ಹಾಗೆಯೇ ಇಲ್ಲಿಯವರೆಗೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಒಂದಷ್ಟು ಉಜನಿಯ ತಳಕ್ಕಿಳಿಯುತ್ತದೆ, ಒಂದಷ್ಟನ್ನು ಮಳೆಗಾಲದ ನೆರೆ ತೊಳೆಯುತ್ತದೆ. ಆದರೆ ದಾರಿಯುದ್ದಕ್ಕೂ ಊರುಗಳು ತಮ್ಮ ಪಾಲು ಸೇರಿಸುತ್ತವೆ. ಬೇಸಿಗೆಯಲ್ಲಿ ಹರಿವು ಬತ್ತಿದಾಗ ಕೊಳೆಯನ್ನು ತಿಳಿಗೊಳಿಸುವಷ್ಟು ನೀರೇ ನದಿಯಲ್ಲಿರುವುದಿಲ್ಲ.

2016ರಲ್ಲಿ ಕೇಂದ್ರ ಸರಕಾರ ಜಪಾನ್ ನೆರವಿನಿಂದ ಮುಳಾ-ಮುಠಾ ಶುದ್ಧೀಕರಣಕ್ಕೆ ಸುಮಾರು 990 ಕೋಟಿ ರೂ. ಯೋಜನೆ ಮಂಜೂರು ಮಾಡಿತು. 11 ಶುದ್ಧೀಕರಣ ಘಟಕಗಳು, ದಿನಕ್ಕೆ 39.6 ಕೋಟಿ ಲೀಟರ್ ಸಾಮರ್ಥ್ಯ. 2022ರ ಗಡುವು ದಾಟಿಯೇ ಹೋಯಿತು. ಅತ್ತ ನಗರಪಾಲಿಕೆ ನದಿಯ ದಡವನ್ನು ಚಂದಗಾಣಿಸುವ ಬೇರೊಂದು ಯೋಜನೆ ಹಿಡಿದಿದೆ. ದಡದಲ್ಲಿ ನಡೆಯಲು ದಾರಿ, ಕೂರಲು ಬೆಂಚು ಬೇಡವೆನ್ನುವುದಿಲ್ಲ. ಆದರೆ ನದಿ ಕೆಟ್ಟದ್ದು ದಡದಲ್ಲಲ್ಲ, ಅದಕ್ಕೆ ಇಳಿಯುವ ತೋಡು, ಚರಂಡಿಗಳಲ್ಲಿ. ರಿಪೇರಿಯೂ ಅಲ್ಲಿಂದಲೇ ಆಗಬೇಕು.

ಕೆಳಗಿನವರ ಮಾತು ಕೇಳುವವರು ಯಾರು? ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣಾ ಕಣಿವೆಯ 2060 ಟಿಎಂಸಿ ನೀರನ್ನು ಹಂಚಿತು: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಕ್ಕೆ 800. ಅಂದಿನಿಂದ ರಾಜ್ಯಗಳ ಜಗಳವೆಲ್ಲ ಎಷ್ಟು ನೀರು ಎಂಬುದರ ಮೇಲೆಯೇ. ಎಂಥ ನೀರು ಎಂದು ಕೇಳುವವರು ಕಡಿಮೆ. ಮಾಲಿನ್ಯ ನಿಯಂತ್ರಣ ಮಂಡಳಿಗಳೂ ರಾಜ್ಯಕ್ಕೊಂದು. ನದಿ ಗಡಿ ದಾಟುವ ಜಾಗದಲ್ಲಿ ಎರಡೂ ರಾಜ್ಯಗಳು ಒಟ್ಟಿಗೆ ನೀರನ್ನು ಪರೀಕ್ಷಿಸಬೇಕು. ಫಲಿತಾಂಶ ಕೆಳಗಿನ ಊರುಗಳ ಭಾಷೆಯಲ್ಲಿ ತಿಂಗಳು ತಿಂಗಳು ಪ್ರಕಟವಾಗಬೇಕು. ನೀರು ಕೆಟ್ಟಿದ್ದರೆ ಅದನ್ನು ಸರಿಪಡಿಸುವ ಖರ್ಚು ಮೇಲಿನವರದ್ದಾಗಬೇಕು.

ಇದರಿಂದ ನಮಗೇನು ಎನ್ನಬೇಡಿ. ಮಂಗಳೂರು ಕುಡಿಯುವುದು ತುಂಬೆಯ ನೀರು. ಅದಕ್ಕಿಂತ ಮೇಲೆ ಉಪ್ಪಿನಂಗಡಿ, ಪಾಣೆಮಂಗಳೂರು, ಬಂಟ್ವಾಳ ಇವೆ. ಅಲ್ಲೆಲ್ಲ ನಮ್ಮವರ ಮನೆ, ಹೋಟೆಲ್, ಮಾಂಸದಂಗಡಿ, ಮದುವೆ ಹಾಲ್‌ಗಳಿವೆ. ಪುಣೆಗೆ ಮಕ್ತಲ್ ಹೇಗೋ, ಇವರಿಗೆ ಮಂಗಳೂರು ಹಾಗೆ. ಬೈಕಂಪಾಡಿ ಕಡೆಯಿಂದ ಫಲ್ಗುಣಿಗೆ ಸೇರುವ ಕೊಳಕಿನ ವಿರುದ್ಧ ದನಿ ಎತ್ತಲೇಬೇಕು. ಆದರೆ ನಮ್ಮ ತೋಡು ಶುಚಿಯಾಗಿದ್ದರೆ ಮಾತ್ರ ಆ ದನಿಗೆ ತೂಕ.

ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದು ಪ್ರವಾದಿ(ಸ) ಕಲಿಸಿದ್ದನ್ನು ಮದ್ರಸದ ಮಕ್ಕಳೂ ಹೇಳುತ್ತಾರೆ. ಬಕ್ರೀದಿನ ತ್ಯಾಜ್ಯವನ್ನು ಎಲ್ಲಿ ಹೂಳಬೇಕೆಂದು ಜಮಾಅತ್ ಕಮಿಟಿ ಹಬ್ಬಕ್ಕೆ ಮೊದಲೇ ಗೊತ್ತುಮಾಡಲಿ. ಮಸೀದಿಯ ವುಝೂ ನೀರು ಇಂಗುಗುಂಡಿಗೆ ಹೋಗಲಿ. ಕಕ್ಕಸು ಗುಂಡಿಯ ಪೈಪನ್ನು ತೋಡಿಗೆ ಬಿಟ್ಟವರಿಗೆ ನೆರೆಮನೆಯವರೇ ಬುದ್ಧಿ ಹೇಳಲಿ. ಇದಕ್ಕೆಲ್ಲ ಸರಕಾರದ ಯೋಜನೆ ಬರುವ ತನಕ ಕಾಯಬೇಕಾಗಿಲ್ಲ. ಮುಂದಿನ ಜಮಾಅತ್ ಸಭೆಯಲ್ಲಿ ನೀವೇ ಈ ವಿಷಯ ಎತ್ತಿ.