ಅಕ್ಷರಗಳಿಗೆ ಚಲನೆ ಕೊಡುವಾಗ

ಅಕ್ಷರವೆಂದರೆ ಕ್ಷಯಿಸದುದು, ಜಾರಿಹೋಗದುದು ಎಂದು ನಮ್ಮ ಹಿರಿಯರು ಅರ್ಥ ಹೇಳಿದ್ದಾರೆ. ಆ ಜಾರಿಹೋಗದ ಅಕ್ಷರವೇ ಈಗ ಮನೆಮನೆಯ ಮೊಬೈಲ್ ಪರದೆಯ ಮೇಲೆ ಜಾರುತ್ತ, ಹಾರುತ್ತ, ತಿರುಗುತ್ತ ಬರುತ್ತಿದೆ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕರೆಯೋಲೆ, ಗೃಹಪ್ರವೇಶದ ಆಮಂತ್ರಣಗಳು ಅರ್ಧ ನಿಮಿಷದ ಚಲಚ್ಚಿತ್ರಗಳಾಗಿವೆ. ಇವನ್ನು ಸಿದ್ಧಪಡಿಸುವವರು ಅನೇಕ ವೇಳೆ ಮನೆಯ ಮಕ್ಕಳೇ ಆಗಿರುವುದು ಸಂತೋಷದ ಸಂಗತಿ. ಆದರೆ ಇಂಗ್ಲಿಷ್ ಲಿಪಿಗಾಗಿ ಹುಟ್ಟಿದ ವಿದ್ಯೆಯನ್ನು ಕನ್ನಡಕ್ಕೆ ಹಾಗೆಯೇ ತೊಡಿಸಿದರೆ ಏನಾಗುತ್ತದೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ವಿದ್ಯೆಯೇನೂ ತೀರ ಹೊಸತಲ್ಲ. 1959ರಲ್ಲಿ ಹಿಚ್‌ಕಾಕನ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರಕ್ಕೆ ಸಾಲ್ ಬಾಸ್ ಎಂಬ ಕಲಾವಿದನು ಶೀರ್ಷಿಕೆಗಳನ್ನು ರಚಿಸಿದಾಗ, ಗಗನಚುಂಬಿ ಕಟ್ಟಡವೊಂದರ ಗೆರೆಗಳ ಗುಂಟ ಹೆಸರುಗಳು ಏರಿಳಿದು ಬಂದವು. ಅಂದು ಕೈಯಿಂದ ಬಹುಶ್ರಮಪಟ್ಟು ಮಾಡುತ್ತಿದ್ದ ಈ ಬಗೆಯ ಕೆಲಸವನ್ನು ಗಣಕಯಂತ್ರಕ್ಕೆ ತಂದ ತಂತ್ರಾಂಶಗಳಲ್ಲಿ 'ಆಫ್ಟರ್ ಎಫೆಕ್ಟ್ಸ್' ಪ್ರಮುಖವಾದುದು. ಅದು 1993ರಲ್ಲಿ ಅಮೆರಿಕೆಯಲ್ಲಿ ಹೊರಬಂದಿತು. ಮರುವರ್ಷ ಅಡೋಬಿ ಸಂಸ್ಥೆಯ ಪಾಲಾಯಿತು. ಅದನ್ನು ಬಾಡಿಗೆ ತೆತ್ತು ಬಳಸಬೇಕು. ಹಣ ತೆರಲಾಗದವರಿಗೆ 2002ರಿಂದ ಮುಕ್ತವಾಗಿ ದೊರೆಯುತ್ತಿರುವ 'ಬ್ಲೆಂಡರ್' ಇದೆ.

ಇವುಗಳ ಮೂಲತತ್ತ್ವ ಒಂದೇ. ನಮ್ಮ ದೂರದರ್ಶನದ ಕ್ರಮದಲ್ಲಿ ಒಂದು ಸೆಕೆಂಡಿಗೆ 25 ಸ್ಥಿರಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. ಅಷ್ಟನ್ನೂ ನಾವು ಬರೆಯಬೇಕಾಗಿಲ್ಲ. ಪದವು ಮೊದಲ ಚಿತ್ರದಲ್ಲಿ ಪರದೆಯ ಕೆಳಗಿರಲಿ, ಇಪ್ಪತ್ತನೆಯದರಲ್ಲಿ ನಡುವೆ ನಿಲ್ಲಲಿ ಎಂದು ಎರಡು ಗುರುತು ಹಾಕಿದರೆ ನಡುವಣ ಸ್ಥಾನಗಳನ್ನು ಯಂತ್ರವೇ ಲೆಕ್ಕ ಹಾಕಿ ತುಂಬುತ್ತದೆ. ಈ ಗುರುತಿಗೆ ಕೀಫ್ರೇಮ್ ಎನ್ನುತ್ತಾರೆ. ಸ್ಥಾನ, ಗಾತ್ರ, ಕೋನ, ಮಸುಕು ಇವಿಷ್ಟಕ್ಕೆ ಕೀಫ್ರೇಮ್ ಇಡಲು ಬಂದರೆ ಆರಂಭದ ಪಾಠ ಮುಗಿದಂತೆಯೇ. ಒಂದನ್ನು ಮಾತ್ರ ಸೇರಿಸಬೇಕು. ತೇರು ಒಮ್ಮೆಲೇ ಓಡುವುದಿಲ್ಲ. ಮೊದಲು ಮಿಸುಕಿ, ಬಳಿಕ ವೇಗಗೊಂಡು, ನೆಲೆ ಸಮೀಪಿಸಿದಂತೆ ನಿಧಾನವಾಗುತ್ತದೆ. ಪದಕ್ಕೂ ಅದೇ ನಡೆ ಒಪ್ಪುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕೀಫ್ರೇಮುಗಳನ್ನು ಆಯ್ದು ಎಫ್9 ಕೀಲಿಯನ್ನು ಒತ್ತಿದರೆ ಈ ನಡೆ ಬರುತ್ತದೆ.

ಇನ್ನು ನಮ್ಮ ಲಿಪಿಯ ಮಾತು. ಒಂದೊಂದೇ ಅಕ್ಷರ ಮೂಡುವ 'ಟೈಪ್‌ರೈಟರ್' ಪರಿಣಾಮ ಎಳೆಯರಿಗೆ ಬಹಳ ಪ್ರಿಯ. ಇಂಗ್ಲಿಷಿನಲ್ಲಿ ಅದು ನಿರಪಾಯವಾದುದು. ಕನ್ನಡದಲ್ಲಿ ಯಂತ್ರವು ಎಣಿಸುವ ಘಟಕವೇ ಬೇರೆ, ನಾವು ಓದುವ ಅಕ್ಷರವೇ ಬೇರೆ. 1991ರಿಂದ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನವಿದೆ. ಆ ಕ್ರಮದಲ್ಲಿ 'ರಾಷ್ಟ್ರ' ಎಂಬ ಎರಡಕ್ಷರದ ಪದಕ್ಕೆ ಏಳು ಸಂಕೇತಗಳು: ರಕಾರ, ಅದರ ದೀರ್ಘ, ಷಕಾರ, ವಿರಾಮಚಿಹ್ನೆ, ಟಕಾರ, ಮತ್ತೊಂದು ವಿರಾಮಚಿಹ್ನೆ, ಕೊನೆಗೆ ರಕಾರ. ಸಂಕೇತಗಳನ್ನು ಒಂದೊಂದಾಗಿ ಹೊರಬಿಟ್ಟರೆ ಓದುಗನು ರಾಷ, ರಾಷ್, ರಾಷ್ಟ ಎಂಬ ಹುಟ್ಟದ ಪದಗಳನ್ನೆಲ್ಲ ದಾಟಿ ಬರಬೇಕು. ಅರ್ಕಾವೊತ್ತಿನ ಪಾಡು ಇನ್ನೂ ವಿಚಿತ್ರ. ಸಂಕೇತಗಳ ಸಾಲಿನಲ್ಲಿ ರಕಾರ ಮುಂದಿರುತ್ತದೆ, ಬರಹದಲ್ಲಿ ಹಿಂದೆ ಹೋಗುತ್ತದೆ. ದಾಂಪತ್ಯದ ಇಪ್ಪತ್ತೈದನೆಯ ವರ್ಷದ ಆಮಂತ್ರಣದಲ್ಲಿ 'ವರ್ಷ' ಎಂಬುದು ಮೂಡುವಾಗ ಕ್ಷಣಕಾಲ 'ವರ' ಎಂದು ನಿಂತು, ಆಮೇಲೆ ರಕಾರವು ಷಕಾರದ ಬೆನ್ನಿಗೆ ಜಿಗಿಯುತ್ತದೆ. ಅರವತ್ತರ ಅಂಚಿನ ಗೃಹಸ್ಥರನ್ನು ಮತ್ತೆ ವರನನ್ನಾಗಿಸುವ ಈ ಚಮತ್ಕಾರ ಯಂತ್ರಕ್ಕೇ ಸಾಧ್ಯ!

ಪರಿಹಾರವಿದೆ. ಆಫ್ಟರ್ ಎಫೆಕ್ಟ್ಸ್‌ನ ಪಠ್ಯಚಲನೆಯ ವಿಭಾಗದಲ್ಲಿ 'ಬೇಸ್ಡ್ ಆನ್' ಎಂಬ ಆಯ್ಕೆಯುಂಟು. ಅಲ್ಲಿ 'ಕ್ಯಾರೆಕ್ಟರ್ಸ್' ಬಿಟ್ಟು 'ವರ್ಡ್ಸ್' ಎಂದಿಟ್ಟರೆ ಇಡೀ ಪದವೇ ಒಟ್ಟಿಗೆ ಮೂಡುತ್ತದೆ. ನನ್ನ ಮಟ್ಟಿಗೆ ಕನ್ನಡಕ್ಕೆ ಇದೇ ಸಹಜವಾದ ನಡೆ. ಅಕ್ಷರಕ್ಷರವಾಗಿಯೇ ಬೇಕೆನ್ನುವವರು 'ಇಂಕ್‌ಸ್ಕೇಪ್' ಎಂಬ ಉಚಿತ ತಂತ್ರಾಂಶದಲ್ಲಿ ಪದವನ್ನು ಬರೆದು, ಅದನ್ನು ಗೆರೆಚಿತ್ರವಾಗಿ ಮಾರ್ಪಡಿಸಿ, ಒತ್ತನ್ನೂ ಗುಣಿತದ ಚಿಹ್ನೆಯನ್ನೂ ಅದರದರ ಮೂಲಾಕ್ಷರದೊಡನೆ ಗುಂಪುಗೂಡಿಸಿಕೊಳ್ಳಬೇಕು. ಆ ಗುಂಪುಗಳಿಗೆ ಚಲನೆ ಕೊಟ್ಟರೆ 'ರಾಷ್ಟ್ರ' ಎರಡೇ ಹೆಜ್ಜೆಯಲ್ಲಿ ಬರುತ್ತದೆ. ಶ್ರಮ ಹೆಚ್ಚು, ನಿಜ. ಅಚ್ಚುಕೂಟಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ನುಡಿ ಅಕ್ಷರಶೈಲಿಯ ಕಡತವನ್ನು ಹಾಗೆಯೇ ತಂದು ಅಂಟಿಸುವ ಅಭ್ಯಾಸವಂತೂ ಬೇಡ. ಅದರ ಸಂಕೇತಗಳು ಯೂನಿಕೋಡಿನವಲ್ಲವಾದ್ದರಿಂದ ಶೈಲಿ ಬದಲಿಸಿದ ಕೂಡಲೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು, ನೋಟೋ ಅಥವಾ ಬಲೂ ತಮ್ಮದಂಥ ಉಚಿತ ಶೈಲಿಯನ್ನು ಆರಿಸಿಕೊಳ್ಳಬಹುದು.

ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆಂಬುದನ್ನೂ ಮರೆಯುವವರುಂಟು. ಅದೃಶ್ಯವಾದ ಚೌಕಟ್ಟಿನ ಹಿಂದಿನಿಂದ ಪದವು ಮೇಲೇಳುವಂತೆ ತೋರಿಸುವುದು ಈಗಿನ ರೂಢಿ. ಚೌಕಟ್ಟಿನ ಎತ್ತರ ಇಂಗ್ಲಿಷ್ ದೊಡ್ಡಕ್ಷರದ ಅಳತೆಯದಾದರೆ 'ಶ್ರೀ' ತನ್ನ ಕಾಲು ಕಳೆದುಕೊಂಡು 'ಶೀ' ಆಗುತ್ತದೆ. ಮಂಗಳಪತ್ರದ ಮೊದಲ ಅಕ್ಷರಕ್ಕೇ ಈ ಗತಿ ಬಂದರೆ ಹಿರಿಯರು ನೊಂದುಕೊಳ್ಳದಿರುವರೆ? ಚೌಕಟ್ಟನ್ನು ಕೆಳಗೆ ಸಾಕಷ್ಟು ಹಿಗ್ಗಿಸಬೇಕು. ಸಾಲುಗಳ ನಡುವಣ ಅಂತರವನ್ನೂ ಹಾಗೆಯೇ.

ವೇಗದ ವಿಷಯದಲ್ಲಿ ನಾನು ತುಸು ಕಠಿಣ. ಆಮಂತ್ರಣವನ್ನು ಎದುರುನೋಡುವವರಲ್ಲಿ ಕನ್ನಡಕ ಹುಡುಕಿಕೊಂಡು ಬಂದು ಓದುವ ಅಜ್ಜಿಯೂ ಇರುತ್ತಾರೆ, ತೋಟದಿಂದ ಬಂದು ಬಿಸಿಲಲ್ಲೇ ನಿಂತು ನೋಡುವ ಸೋದರಮಾವನೂ ಇರುತ್ತಾರೆ. ಮುಹೂರ್ತ, ಸ್ಥಳ, ದಿನಾಂಕಗಳ ಸಾಲು ನೆಲೆನಿಂತ ಮೇಲೆ ಅದನ್ನು ಎರಡು ಬಾರಿ ಬಾಯಿಬಿಟ್ಟು ನಿಧಾನವಾಗಿ ಓದಿ; ಅಷ್ಟು ಹೊತ್ತು ಅದು ಅಲುಗಾಡದೆ ಇರಬೇಕು. ಐದು ಸೆಕೆಂಡು ಬೇಕಾದರೆ 125 ಚಿತ್ರಗಳಾದುವು, ಆಗಲಿ. ಹಿನ್ನೆಲೆಯಲ್ಲಿ ಹೂಮಳೆ ಸುರಿಸುವುದನ್ನು ಆ ಹೊತ್ತಿನಲ್ಲಿ ನಿಲ್ಲಿಸಿದರೆ ಇನ್ನೂ ಒಳಿತು.

ಎಲ್ಲ ಮುಗಿದ ಮೇಲೆ ದೊಡ್ಡ ಪರದೆಯಲ್ಲಿ ನೋಡಿ ತೃಪ್ತರಾಗದೆ, ಮನೆಯ ಅತಿ ಚಿಕ್ಕ ಮೊಬೈಲಿಗೆ ಕಳುಹಿಸಿ, ಧ್ವನಿ ಆರಿಸಿ, ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿರಿ. ವಿವರಗಳಿರುವ ಆ ನಿಂತ ಚಿತ್ರವನ್ನು ಪ್ರತ್ಯೇಕವಾಗಿ ಉಳಿಸಿಕೊಂಡು ಚಲಚ್ಚಿತ್ರದ ಜೊತೆಗೇ ಕಳುಹಿಸಿದರೆ, ಬಸ್ ನಿಲ್ದಾಣದಲ್ಲಿ ನಿಂತು ಕಲ್ಯಾಣಮಂಟಪದ ಹೆಸರು ಹುಡುಕುವ ಬಂಧುಗಳಿಗೆ ಮತ್ತೆ ಅರ್ಧ ನಿಮಿಷ ಕಾಯುವ ಪ್ರಸಂಗ ಬರುವುದಿಲ್ಲ.