ನಾಲ್ಕೂವರೆಯ ಲೆಕ್ಕ

ನನಗೀಗ 72 ವರ್ಷ. "ತಾತ, ನಿಮಗಿನ್ನೂ ಅಮ್ಮ ಇದ್ದಾರಾ?" ಎಂದು ಬೀದಿಯ ಮಕ್ಕಳು ಬೆರಗಾಗಿ ಕೇಳುತ್ತಾರೆ. ಇದ್ದಾಳೆ ಮಕ್ಕಳೇ, ಅವಳಿಗೆ 91.

ಎಂಟು ವರ್ಷದಿಂದ ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ನಿಧಾನವಾಗಿ ನಶಿಸುವುದರಿಂದ ಬರುವ ಕಾಯಿಲೆ ಇದು. 1817ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅವರ ಹೆಸರೇ ಇದಕ್ಕೆ ಬಂದಿದೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ. ಕಾಲು ಹಿಡಿದುಕೊಳ್ಳುವುದು ಕಾಣುವುದಿಲ್ಲ.

ಬೆಳಗಿನ ಜಾವ ಅಮ್ಮನ ಮೀನಖಂಡ ಕಲ್ಲಿನಂತಾಗುತ್ತಿತ್ತು. ಪಾದ ಒಳಕ್ಕೆ ತಿರುಗಿ, ಬೆರಳುಗಳು ಮುದುಡಿಕೊಳ್ಳುತ್ತಿದ್ದವು. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಒಬ್ಬರು ಬಾಳೆಹಣ್ಣು ಕೊಡಿ ಎಂದರು, ಇನ್ನೊಬ್ಬರು ಹಾಸಿಗೆ ಕೆಳಗೆ ಸೋಪು ಇಡಿ ಎಂದರು. ಅದನ್ನೂ ಮಾಡಿದೆ. ಒಂದು ರಾತ್ರಿ ನಿದ್ದೆಗೆಟ್ಟ ಸಿಟ್ಟಿನಲ್ಲಿ, "ವಯಸ್ಸಾಯ್ತಲ್ಲಮ್ಮ, ಸಹಿಸಿಕೋ" ಎಂದುಬಿಟ್ಟೆ. ಅವತ್ತಿನಿಂದ ಅವಳು ನನ್ನನ್ನು ಕರೆಯಲಿಲ್ಲ. ನೋವು ಕಡಿಮೆಯಾಯಿತೆಂದು ನಾನು ನೆಮ್ಮದಿಯಾಗಿ ಮಲಗಿದೆ.

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅಮ್ಮನ ಪಕ್ಕ ಮಲಗುತ್ತಿದ್ದಳು. ಅವಳು ಆರನೇ ಕ್ಲಾಸು. "ತಾತ, ಮುತ್ತಜ್ಜಿ ಸೆರಗು ಕಚ್ಚಿಕೊಂಡು ಅಳ್ತಾರೆ. ನಿನ್ನೆಯೂ ನಾಲ್ಕೂವರೆ, ಇವತ್ತೂ ನಾಲ್ಕೂವರೆ" ಎಂದಳು.

ನನಗೆ ನಾಚಿಕೆಯಾಯಿತು. ಜೊತೆಗೆ ಆ ನಾಲ್ಕೂವರೆ ತಲೆಯಲ್ಲಿ ಕೂತಿತು. ಬ್ಯಾಂಕಿನಲ್ಲಿ ದಿನವೂ ಅಷ್ಟೇ ಮೊತ್ತ ತಾಳೆಯಾಗದಿದ್ದರೆ ಅದು ಅದೃಷ್ಟವಲ್ಲ, ಎಲ್ಲೋ ಒಂದು ಕಾರಣವಿರುತ್ತದೆ. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಎಡಕ್ಕೆ ಮಾತ್ರೆ ಮತ್ತು ಊಟದ ಹೊತ್ತು, ಬಲಕ್ಕೆ ಕಾಲು ಹಿಡಿದ ಹೊತ್ತು. ಮೊಮ್ಮಗಳೇ ಗುಮಾಸ್ತೆ. 14 ದಿನ ಬರೆದೆವು.

ನರರೋಗ ತಜ್ಞರು ಪುಟ ತಿರುವಿ ನೋಡಿದರು. ರಾತ್ರಿ ಎಂಟರ ಲೆವೊಡೋಪಾ ಮಾತ್ರೆಯ ಶಕ್ತಿ ಬೆಳಗಿನ ಜಾವಕ್ಕೆ ಮುಗಿದು ಸ್ನಾಯುಗಳು ಬಿಗಿಯುತ್ತಿವೆ, ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ ಎಂದರು. ಮಲಗುವ ಮುಂಚೆ ನಿಧಾನವಾಗಿ ಕರಗುವ ಮಾತ್ರೆ ಬರೆದರು. ಮತ್ತೊಂದು ತಪ್ಪು ನನ್ನದೇ. ಮಾತ್ರೆಯನ್ನು ಹಾಲಿನ ಜೊತೆ ಕೊಡುತ್ತಿದ್ದೆ. ಹಾಲು, ಬೇಳೆಯ ಪ್ರೋಟೀನು ಈ ಔಷಧಿ ಮೈಗೆ ಸೇರುವುದಕ್ಕೆ ಅಡ್ಡ ಬರಬಹುದಂತೆ. ಈಗ ಊಟಕ್ಕೆ ಅರ್ಧ ಗಂಟೆ ಮುಂಚೆ, ನೀರಿನಲ್ಲಿ. ಕಾಲು ಹಿಡಿದಾಗ ಮಂಡಿ ನೇರ ಮಾಡಿ, ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿಯುವುದನ್ನೂ ಕಲಿಸಿದರು.

ಒಂದು ಎಚ್ಚರಿಕೆ: ಇದು ನಮ್ಮ ಮನೆಯ ಲೆಕ್ಕ. ನಿಮ್ಮ ಮನೆಯವರ ಮಾತ್ರೆಯನ್ನು ನೀವಾಗಿ ಬದಲಿಸಬೇಡಿ, ಥಟ್ಟನೆ ನಿಲ್ಲಿಸಲೂ ಬೇಡಿ. ಹೊತ್ತು ಬರೆದಿಟ್ಟು ವೈದ್ಯರಿಗೆ ತೋರಿಸಿ.

ಅಮ್ಮನ ನೋವು ಪೂರ್ತಿ ಹೋಗಿಲ್ಲ. ದಿನಾ ಬರುತ್ತಿದ್ದುದು ಈಗ ವಾರಕ್ಕೆ ಒಂದೋ ಎರಡೋ ಸಲ. ಬಂದಾಗ ಅವಳು ನನ್ನನ್ನು ಕೂಗುತ್ತಾಳೆ. ನಾನು ಏಳುತ್ತೇನೆ.