ಮಗಳ ಮದುವೆಗೆ ತಾಯಿ ತೆರುವ ಬೆಲೆ

ಹಳೆಯ ಮೈಸೂರು ರಾಜ್ಯದ ಬೆಂಗಳೂರು-ಕೋಲಾರ ಸೀಮೆಯಲ್ಲಿ ‘ಬೆರಳು ಕೊಡುವ ಒಕ್ಕಲು’ ಎಂಬ ಹೆಸರಿನ ಒಂದು ಪಂಗಡವಿತ್ತು. ಹಿರಿಯ ಮಗಳ ವಿವಾಹ ನಿಶ್ಚಯಕ್ಕೆ ಮುನ್ನ ಆಕೆಯ ಕಿವಿ ಚುಚ್ಚಿಸುವಾಗ, ತಾಯಿಯಾದವಳು ತನ್ನ ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ದೇವರಿಗೆ ಒಪ್ಪಿಸಬೇಕಾಗಿತ್ತು. ಉಳಿಯಿಂದ ಅವನ್ನು ಕತ್ತರಿಸುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಮತ್ತು ಇಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸಿದ್ದಾರೆ. ಆ ಜನರು ಈ ಪದ್ಧತಿಯನ್ನು ಬಿಟ್ಟು ಬಹಳ ಕಾಲವಾಯಿತು. 20ನೇ ಶತಮಾನದ ಆರಂಭದ ಹೊತ್ತಿಗೇ ಬೆರಳಿಗೆ ಚಿನ್ನ ಅಥವಾ ಬೆಳ್ಳಿಯ ಕವಚ ತೊಡಿಸಿ, ಅದನ್ನು ತೆಗೆದರೆ ಸಾಕೆಂಬಷ್ಟಕ್ಕೆ ಆಚರಣೆ ಇಳಿದಿತ್ತು.

ಇದೇ ಬಗೆಯ ಇನ್ನೊಂದು ಕ್ರೌರ್ಯ ಚೀನಾದಲ್ಲಿ ಸುಮಾರು ಒಂದು ಸಾವಿರ ವರ್ಷ ನಡೆಯಿತು. ಐದಾರು ವರ್ಷದ ಹೆಣ್ಣುಮಗುವಿನ ಪಾದದ ನಾಲ್ಕು ಬೆರಳುಗಳನ್ನು ಅಡಿಗೆ ಮಡಚಿ, ಬಟ್ಟೆಯಿಂದ ಬಿಗಿದು, ಮೂಳೆ ಮುರಿದು ಪಾದವು ಮೂರು ಅಂಗುಲದಷ್ಟು ಕಿರಿದಾಗುವಂತೆ ಮಾಡುತ್ತಿದ್ದರು. ಎಷ್ಟೋ ಮಕ್ಕಳ ಪಾದ ಕೊಳೆಯಿತು, ಕೆಲವರ ಪ್ರಾಣವೇ ಹೋಯಿತು. ಬದುಕುಳಿದವರು ಜೀವನವಿಡೀ ಕುಂಟಿದರು. ಕಟ್ಟುತ್ತಿದ್ದವಳು ಹೆಚ್ಚಾಗಿ ಹೆತ್ತ ತಾಯಿಯೇ. ಆಕೆ ಕಟುಕಿಯಾಗಿರಲಿಲ್ಲ. ಪಾದ ದೊಡ್ಡದಾದರೆ ಮಗಳಿಗೆ ಒಳ್ಳೆಯ ವರ ದೊರೆಯಲಾರನೆಂಬ ಭಯವೇ ಆಕೆಯ ಕೈಯಿಂದ ಈ ಕೆಲಸ ಮಾಡಿಸುತ್ತಿತ್ತು.

ಚೀನಾದ ಮುಸ್ಲಿಮರೂ ಇದರಿಂದ ಮುಕ್ತರಾಗಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಆದರೆ ಕ್ಯಾಂಟನ್ ನಗರದ ಮಸೀದಿಯೊಂದರಲ್ಲಿ, ಪಾದ ಕಟ್ಟುವುದು ದೇವಸೃಷ್ಟಿಯನ್ನು ಕೆಡಿಸುವ ಕೃತ್ಯವಾದುದರಿಂದ ಇಸ್ಲಾಮಿನಲ್ಲಿ ನಿಷಿದ್ಧವೆಂಬ ಫಲಕವನ್ನು ತಾವು ಕಂಡುದಾಗಿ ವಿದ್ವಾಂಸ ಜೇಮ್ಸ್ ಲೆಗ್ ಬರೆದಿದ್ದಾರೆ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಶೈತಾನನ ಪ್ರೇರಣೆಯೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಎಚ್ಚರಿಸಿದೆ. ಆ ಮಸೀದಿಯವರು ಸತ್ಯವನ್ನು ಗೋಡೆಯ ಮೇಲೆ ಬರೆಯುವ ಧೈರ್ಯ ತೋರಿದರು.

ನಮ್ಮ ಮಸೀದಿಗಳ ಗೋಡೆಗಳ ಮೇಲೆ ಏನಿದೆ? ಮೈಸೂರಿನ ಮಂಡಿ ಮೊಹಲ್ಲಾದಲ್ಲಾಗಲಿ ಉದಯಗಿರಿಯಲ್ಲಾಗಲಿ ಯಾವ ತಾಯಿಯೂ ಇಂದು ಬೆರಳು ಕತ್ತರಿಸಿಕೊಡಬೇಕಾಗಿಲ್ಲ. ಆದರೆ ಬೀಡಿ ಸುತ್ತಿ, ಊದುಬತ್ತಿ ಹೊಸೆದು ಬೆರಳು ಸವೆಸಿದ ತಾಯಂದಿರು ಮಗಳ ನಿಕಾಹಿಗಾಗಿ ಬಡ್ಡಿ ಸಾಲಕ್ಕೆ ಕೈಯೊಡ್ಡುತ್ತಿದ್ದಾರೆ. ಜೋಡೆಯ ಹಣ, ಜಹೇಝ್, ಬೈಕು, ಶಾದಿ ಮಹಲಿನ ಊಟ ಎಲ್ಲವೂ ಹೆಣ್ಣಿನ ಮನೆಯವರ ಹೆಗಲಿಗೆ. ವರನೇ ವಧುವಿಗೆ ಮಹ್ರ್ ಕೊಡಬೇಕೆಂದು ಆಜ್ಞಾಪಿಸಿದ ಧರ್ಮದ ಅನುಯಾಯಿಗಳು ನಾವು! ‘ನಾವು ಕೇಳಲಿಲ್ಲ, ಅವರೇ ಸಂತೋಷದಿಂದ ಕೊಟ್ಟರು’ ಎಂಬ ಸಮಜಾಯಿಷಿ ಬೇರೆ. ಚೀನಾದ ತಾಯಿಯೂ ಹೊರನೋಟಕ್ಕೆ ಸ್ವಇಚ್ಛೆಯಿಂದಲೇ ಪಾದ ಕಟ್ಟುತ್ತಿದ್ದಳು.

ಕಾನೂನೊಂದೇ ಇದನ್ನು ತಡೆಯಲಾರದು. ಚೀನಾದ ಚಕ್ರವರ್ತಿ 1664ರಲ್ಲಿ ಪಾದ ಕಟ್ಟುವುದನ್ನು ನಿಷೇಧಿಸಿ, ನಾಲ್ಕೇ ವರ್ಷದಲ್ಲಿ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ನಮ್ಮ ದೇಶದ ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ಅದರ ಫಲವೆಷ್ಟೆಂದು ಎಲ್ಲರೂ ಬಲ್ಲರು. ಚೀನಾದಲ್ಲಿ ಪರಿಣಾಮ ಬೀರಿದ್ದು 19ನೇ ಶತಮಾನದ ಕೊನೆಯಲ್ಲಿ ಹುಟ್ಟಿಕೊಂಡ ಸುಧಾರಣಾ ಸಂಘಗಳು. ಅವುಗಳ ಸದಸ್ಯರು ಎರಡು ಪ್ರತಿಜ್ಞೆ ಮಾಡುತ್ತಿದ್ದರು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹೆಣ್ಣನ್ನು ಮಗನಿಗೆ ತರುವುದಿಲ್ಲ. ಎರಡನೆಯದೇ ಮುಖ್ಯವಾದುದು. ಗಂಡಿನ ಮನೆಯವರು ಷರತ್ತು ಕೈಬಿಟ್ಟಾಗ ಹೆಣ್ಣು ಹೆತ್ತವರ ಭಯವೂ ಕರಗಿತು. 1912ರಲ್ಲಿ ಗಣರಾಜ್ಯವು ಹೊರಡಿಸಿದ ನಿಷೇಧಕ್ಕೆ ಬಲ ಬಂದದ್ದು ಹೀಗೆ.

ಆದ್ದರಿಂದ ಹೆಣ್ಣು ಹೆತ್ತವರಿಗೆ ಉಪದೇಶ ಮಾಡುವುದನ್ನು ನಿಲ್ಲಿಸೋಣ. ಪ್ರತಿಯೊಂದು ಜಮಾಅತ್ ಗಂಡುಮಕ್ಕಳ ತಂದೆತಾಯಂದಿರನ್ನು ಕರೆದು, ಏನನ್ನೂ ಬೇಡುವುದಿಲ್ಲ, ಕೊಟ್ಟರೂ ಸ್ವೀಕರಿಸುವುದಿಲ್ಲವೆಂದು ಅವರಿಂದ ಪ್ರತಿಜ್ಞೆ ಪಡೆಯಲಿ. ಮಾತು ತಪ್ಪಿದ ಮನೆಯ ನಿಕಾಹಿಗೆ ಖಾಝಿಯವರೂ ಜಮಾಅತಿನ ಮುಖಂಡರೂ ಹೋಗದಿರಲಿ. ಮೊದಲ ಹೆಸರು ಮಸೀದಿ ಕಮಿಟಿಯ ಅಧ್ಯಕ್ಷರದ್ದೇ ಆಗಿರಲಿ.